ಬಾಗಿಲ ಹಿಂದಿನ ಪಾಲಿಸಿ

ಮದುವೆ ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೂ ಬಲಕ್ಕೂ ಜಾಗ ಖಾಲಿ ಉಳಿಯುತ್ತದೆ ಎಂಬುದನ್ನು ಮೊದಲು ಕಂಡುಹಿಡಿದವರು ನನ್ನ ಯಜಮಾನರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಯಾವುದನ್ನೂ ಮೂರು ಸಲ ಪರೀಕ್ಷಿಸದೆ ಒಪ್ಪುವವರಲ್ಲ. ಮೂರು ಮದುವೆಗಳಲ್ಲಿ ಸುಮ್ಮನೆ ನೋಡಿ, ನಾಲ್ಕನೆಯದರಲ್ಲಿ ಬಾಯಿಬಿಟ್ಟರು. "ನಿನ್ನ ಜೊತೆ ಬಂದ್ರೆ ಒಂದು ಅನುಕೂಲ ಕಣೆ. ಎಷ್ಟೇ ರಶ್ ಇದ್ರೂ ಮೊದಲನೇ ಪಂಕ್ತೀಲೇ ಸೀಟು ಸಿಗುತ್ತೆ."

ನಾನು ಜೀವವಿಮೆ ಏಜೆಂಟ್. ಮನೆ ಶಿವಮೊಗ್ಗದ ಹೊಸಮನೆಯಲ್ಲಿ. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಮಧ್ಯಾಹ್ನದ ಹೊತ್ತು ಸುಮ್ಮನೆ ಯಾಕೆ ಕೂರುವುದು ಎಂದು ಹಿಡಿದ ಕೆಲಸ. ಅವಳು ಪಿಯುಸಿಗೆ ಬರುವಷ್ಟರಲ್ಲಿ ನಮ್ಮ ಬ್ರಾಂಚಿನ ಗೋಡೆಯ ಮೇಲೆ, ಮೇಲಿನ ಸಾಲಿನ ನಟ್ಟನಡುವೆ, ನನ್ನ ಫೋಟೋ ನೇತಾಡುತ್ತಿತ್ತು. ಮನೆಗೆ ಮಹಡಿ ಬಂತು, ಬಾಗಿಲಿಗೆ ಕಾರು ಬಂತು. ಎರಡೂ ನನ್ನ ದುಡಿಮೆಯವು, ಅದರಲ್ಲಿ ನನಗೆ ಸಂಕೋಚವಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸರ ಮನೆಗೆ ಹೋಗಿ, ಅವರ ಅರ್ಜಿ ನಾನೇ ತುಂಬಿ, ಹಣ ಅವರ ಖಾತೆಗೆ ಬೀಳುವವರೆಗೂ ಆಫೀಸಿಗೆ ಅಲೆದಿದ್ದೇನೆ. ನಾನು ಮಾರುವ ವಸ್ತು ಒಳ್ಳೆಯದೇ.

ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ನಾಮಕರಣಕ್ಕೆ ಹೋದರೆ ಮಗುವಿನ ಕಿವಿಯಲ್ಲಿ ಹೆಸರು ಬೀಳುವ ಮೊದಲೇ ಅಪ್ಪನ ಕಿವಿಗೆ ಮಕ್ಕಳ ಪಾಲಿಸಿ ಬಿದ್ದಿರುತ್ತಿತ್ತು. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಯಂತ್ರ ಹಾಕಿ ಕೊರೆಯುತ್ತಿದ್ದಾಗ, ಇವರ ವಯಸ್ಸು ಎಷ್ಟಿರಬಹುದು ಎಂದು ನಾನು ಅಂದಾಜು ಮಾಡುತ್ತಿದ್ದೆ. ಬಾಯಿ ಮುಕ್ಕಳಿಸಿದ ತಕ್ಷಣ ಕೇಳಿದೆ, "ಡಾಕ್ಟ್ರೇ, ನಿಮ್ಮದು ಯಾವ ಪಾಲಿಸಿ ಇದೆ?" ಸಾವಿನ ಮನೆಗೂ ನನ್ನ ಕಪ್ಪು ಬ್ಯಾಗು ಬರುತ್ತಿತ್ತು. ಕ್ಲೇಮ್ ಫಾರಂ ಬೇಕಾಗಬಹುದು ಎಂಬುದು ನನ್ನ ಸಮರ್ಥನೆ.

"ಅದರ ಜೊತೆ ಹೊಸ ಪಾಲಿಸಿ ಫಾರಂ ಯಾಕೆ?" ಎಂದು ಯಜಮಾನರು ಒಮ್ಮೆ ಕೇಳಿದರು.

"ಬದುಕಿರೋರೂ ಬಂದಿರ್ತಾರಲ್ಲ," ಎಂದೆ. ತಮಾಷೆಗೆ ಹೇಳಿದ್ದಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ನನಗೊಬ್ಬಳು ಗೆಳತಿಯಿದ್ದಳು. ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದೆವು. ಅವಳು ತುಳಿಯುತ್ತಿದ್ದಳು, ನಾನು ಹಿಂದೆ ಕೂತು ದಾರಿ ತೋರಿಸುತ್ತಿದ್ದೆ, ದಾರಿ ಇಬ್ಬರಿಗೂ ಗೊತ್ತಿದ್ದರೂ. ಅವಳು ಮದುವೆಯಾಗಿ ಓಲ್ಡ್ ಟೌನಿಗೆ ಹೋದಳು. ಅವಳ ಗಂಡನಿಗೆ ಅಲ್ಲೇ ಮಾರ್ಕೆಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ. ನಾನು ಶಿವಮೊಗ್ಗಕ್ಕೆ ಬಂದ ಮೇಲೂ ತಿಂಗಳಿಗೊಮ್ಮೆಯಾದರೂ ಸಿಗುತ್ತಿದ್ದೆವು. ನನ್ನ ಕೆಲಸ ಬೆಳೆಯುತ್ತ ಹೋದ ಹಾಗೆ ಅದು ಆರು ತಿಂಗಳಿಗೊಮ್ಮೆಯಾಯಿತು. ಕೊನೆಗೆ ಮಾರ್ಚ್ ತಿಂಗಳಲ್ಲಿ ಮಾತ್ರ ನನಗೆ ಅವಳ ನೆನಪು ಬರುವ ಸ್ಥಿತಿ ಬಂತು, ಏಕೆಂದರೆ ಮಾರ್ಚಿಗೆ ನಮ್ಮ ಲೆಕ್ಕದ ವರ್ಷ ಮುಗಿಯುತ್ತದೆ.

ಆ ಮಾರ್ಚಿನ ಕೊನೆಯ ವಾರ. ಕಂಪನಿಯವರು ಅತಿ ಹೆಚ್ಚು ವ್ಯವಹಾರ ಮಾಡಿದ ಏಜೆಂಟರಿಗೆಂದು ಇಟ್ಟಿರುವ ಕ್ಲಬ್ಬಿಗೆ ಸೇರಲು ನನಗೆ ಇನ್ನೊಂದೇ ಒಂದು ಪಾಲಿಸಿ ಬೇಕಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕಾರು ತೆಗೆದುಕೊಂಡು ಓಲ್ಡ್ ಟೌನಿಗೆ ಹೋದೆ. ಗೇಟು ತೆಗೆಯುವಾಗ ಕಿಟಕಿಯಲ್ಲಿ ಗೆಳತಿಯ ಮುಖ ಕಂಡಿತು. ಮರುಕ್ಷಣ ಕಾಣಲಿಲ್ಲ.

ಜಗಲಿಯ ಮೇಲೆ ಅವಳ ಅತ್ತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ. ಮಂಡಿ ನೋವು, ಎದ್ದು ನಿಲ್ಲಲು ಐದು ನಿಮಿಷ ಬೇಕು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

"ಅವಳು ಮನೇಲಿಲ್ಲ ಕಣಮ್ಮ. ತರಕಾರಿ ತರೋಕೆ ಹೋಗಿದಾಳೆ," ಎಂದರು.

"ಪರ್ವಾಗಿಲ್ಲ ಅಜ್ಜಿ, ಕಾಯ್ತೀನಿ," ಎಂದು ಕೂತೆ.

ಒಳಗೆ ಕುಕ್ಕರ್ ಕೂಗಿತು. ಅಜ್ಜಿ ಕಲ್ಲು ಆರಿಸಿದರು. ಎರಡನೇ ಸಲ ಕೂಗಿತು. ಮೂರನೇ ಸಲವೂ ಕೂಗಿತು.

"ಕುಕ್ಕರ್ ಇಟ್ಟು ಮಾರ್ಕೆಟ್ಟಿಗೆ ಹೋಗಿದಾಳಾ?" ಎಂದೆ.

"ಹ್ಞೂಂ. ಅದರ ಪಾಡಿಗೆ ಅದು ಬೇಯುತ್ತೆ."

ಐದನೇ ಸಲ ಕೂಗಿದಾಗ ಒಳಗಿನಿಂದ ಹಿಸುಕಿದಂಥ ದನಿ ಬಂತು. "ಅತ್ತೇ... ಗ್ಯಾಸ್..."

ಅಜ್ಜಿ ತಲೆ ಎತ್ತಲಿಲ್ಲ. "ಬೆಕ್ಕು," ಎಂದರು.

ನಾನೂ ಮನೆಯಲ್ಲಿ ಬೆಕ್ಕು ಸಾಕಿದ್ದೇನೆ. ಗ್ಯಾಸ್ ಆರಿಸಿ ಎನ್ನುವ ಬೆಕ್ಕನ್ನು ಕಂಡವಳಲ್ಲ. ಏಳನೇ ಕೂಗಿಗೆ ಬೇಳೆ ಸೀದ ವಾಸನೆ ಜಗಲಿಗೆ ಬಂತು. ಅಜ್ಜಿ ನನ್ನ ಮುಖ ನೋಡಿದರು, ತಮ್ಮ ಮಂಡಿ ನೋಡಿಕೊಂಡರು. ನಾನೇ ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದೆ. ತಿರುಗಿದರೆ ಬಾಗಿಲ ಹಿಂದೆ, ಗೋಡೆಗೆ ಒತ್ತಿಕೊಂಡು, ಮುಖಕ್ಕೆ ಮೊರ ಅಡ್ಡ ಹಿಡಿದು ನನ್ನ ಗೆಳತಿ ನಿಂತಿದ್ದಳು.

ಮೊರ ನಿಧಾನವಾಗಿ ಕೆಳಗಿಳಿಯಿತು.

"ಯಾವಾಗ ಬಂದ್ಯೇ?" ಎಂದಳು.

"ಈಗಷ್ಟೇ," ಎಂದೆ.

ಅಲ್ಲಿಗೆ ನಾನು ನಕ್ಕುಬಿಡಬೇಕಿತ್ತು. ಅವಳೂ ನಗುತ್ತಿದ್ದಳು, ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ನನ್ನ ಕೈ ಅಷ್ಟರಲ್ಲಿ ಬ್ಯಾಗಿನ ಜಿಪ್ಪು ಎಳೆದಿತ್ತು. ಹದಿಮೂರು ವರ್ಷದ ಅಭ್ಯಾಸ, ಕೈಗೆ ನಾಚಿಕೆ ಎಂಬುದಿಲ್ಲ. "ಬಂದಿದ್ದು ಏನಪ್ಪಾ ಅಂದ್ರೆ..." ಎಂದು ಶುರುಮಾಡಿದೆ. ಅವಳು ಮಾತು ಮುಗಿಸಲು ಬಿಡಲೇ ಇಲ್ಲ. "ಎಲ್ಲಿ ಸೈನ್ ಮಾಡ್ಲಿ?" ಎಂದಳು. ಆಧಾರ್ ಕಾರ್ಡು, ಫೋಟೋ, ಚೆಕ್ಕು ಎಲ್ಲವನ್ನೂ ತಾನೇ ಹುಡುಕಿ ತಂದು, ಒಲೆಯ ಪಕ್ಕದ ಕಟ್ಟೆಯ ಮೇಲೆ ಫಾರಂ ಇಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಅಷ್ಟು ಬೇಗ ಯಾವ ಗಿರಾಕಿಯೂ ನನಗೆ ಒಪ್ಪಿದ್ದಿಲ್ಲ. ಹೊರಡುವಾಗ ಅವಳು ಗೇಟಿನವರೆಗೆ ಬರಲಿಲ್ಲ. ಸೀದ ಕುಕ್ಕರನ್ನು ಕೆರೆಯುತ್ತಿದ್ದ ಸದ್ದು ಕಾರು ಹತ್ತುವವರೆಗೂ ಕೇಳಿಸಿತು.

ಏಪ್ರಿಲ್ ಮೊದಲ ವಾರ ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ನನ್ನ ಹೆಸರು ಕೊರೆದ ಫಲಕ. ನಮ್ಮ ಏಜೆಂಟರನ್ನೆಲ್ಲ ನೋಡಿಕೊಳ್ಳುವ ಆಫೀಸರು ಮೈಕು ಕೊಟ್ಟು, "ಮೇಡಂ, ನಿಮ್ಮ ಯಶಸ್ಸಿನ ಗುಟ್ಟು ಹೇಳಿ, ಹೊಸಬರಿಗೆ ಉಪಯೋಗವಾಗ್ಲಿ," ಎಂದರು. ನಾನು ಭಾಷಣ ಬರೆದುಕೊಂಡು ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಅದೇನಾಯಿತೋ, ಚೀಟಿ ತೆಗೆಯದೆ ಮೊರದ ಕತೆ ಹೇಳಿಬಿಟ್ಟೆ. ತಪ್ಪೊಪ್ಪಿಗೆಯ ಹಾಗೆ ಹೇಳಿದೆ.

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಫೀಸರು ಮೈಕು ಕಿತ್ತುಕೊಂಡು, "ನೋಡಿ, ಇದನ್ನೇ ನಾನು ಹೇಳೋದು! ಕಸ್ಟಮರ್ ಬಾಗಿಲ ಹಿಂದೆ ಇದ್ರೂ ಬಿಡಬಾರದು!" ಎಂದರು. ಮುಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ ಒಬ್ಬಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೈ ಎತ್ತಿ ಕೇಳಿದಳು, "ಮೇಡಂ, ಗ್ಯಾಸ್ ಆಫ್ ಮಾಡಿದ ಮೇಲೆ ಎಷ್ಟು ಹೊತ್ತು ಬಿಟ್ಟು ಫಾರಂ ತೆಗೀಬೇಕು?"

ಮನೆಗೆ ಬರುವಾಗ, ಸಭೆಗೆ ಬಂದಿದ್ದ ಯಜಮಾನರು ಕಾರಿನಲ್ಲಿ ಜೊತೆಗಿದ್ದರು. ನಾನೇ ಕೇಳಿದೆ. "ನಿಮಗೇನನ್ನಿಸ್ತು?"

"ಆ ದಿನ ಅವರ ಮನೇಲಿ ಊಟಕ್ಕೆ ಏನು ಮಾಡ್ಕೊಂಡ್ರೋ ಪಾಪ ಅನ್ನಿಸ್ತು," ಎಂದರು.

ಸನ್ಮಾನದ ಸುದ್ದಿ ಯಾರಿಗಾದರೂ ಹೇಳೋಣ ಎಂದು ಸಂಜೆ ಫೋನ್ ತೆಗೆದೆ. ಸಾವಿರಕ್ಕೂ ಮಿಕ್ಕಿ ನಂಬರುಗಳು. ಎಲ್ಲರ ಹೆಸರಿನ ಮುಂದೆ ಅವರ ಕಂತು ಬರುವ ತಿಂಗಳು ಬರೆದುಕೊಂಡಿದ್ದೆ. ನನ್ನ ಸ್ವಂತ ಚಿಕ್ಕಮ್ಮ ಅದರಲ್ಲಿ 'ಚಿಕ್ಕಮ್ಮ ಆಗಸ್ಟ್'. ಗೆಳತಿಯ ಹೆಸರು ಹುಡುಕಿದರೆ ಸಿಗಲೇ ಇಲ್ಲ. ಅವಳು 'ಓಲ್ಡ್ ಟೌನ್ ಮಾರ್ಚ್' ಆಗಿದ್ದಳು. ಹಾರದ ಹೂವಿನ ವಾಸನೆ ಹಾಲಿನಲ್ಲೆಲ್ಲ ತುಂಬಿತ್ತು. ನನಗೆ ಯಾಕೋ ತಲೆನೋವು ಬಂತು.

ಮಾರನೇ ದಿನ ಮನೆಯವರ ಮುಂದೆ ಘೋಷಿಸಿದೆ. ಇನ್ನು ಮೇಲೆ ಸಂಜೆ ಆರರ ನಂತರ, ಭಾನುವಾರ, ಮತ್ತೆ ಯಾರದೇ ಮನೆಯ ಶುಭಕಾರ್ಯದಲ್ಲಿ ಪಾಲಿಸಿ ಮಾತಿಲ್ಲ, ಬ್ಯಾಗೂ ಇಲ್ಲ. ಮಗಳು "ಸಾವಿನ ಮನೆ?" ಎಂದಳು. ಅದನ್ನೂ ಸೇರಿಸಿದೆ.

ಮುಂದಿನ ಭಾನುವಾರವೇ ಬರಿಗೈಯಲ್ಲಿ ಓಲ್ಡ್ ಟೌನಿಗೆ ಹೋದೆ. ಪಾಲಿಸಿಯ ಕಾಗದ ಕೈಗೆ ಬಂದ ಮೇಲೂ, ಬೇಡವೆನಿಸಿದರೆ ಕೆಲವು ದಿನಗಳೊಳಗೆ ಅದನ್ನು ವಾಪಸ್ ಕೊಡಬಹುದು. ಇದನ್ನು ನಾವು ಏಜೆಂಟರು ಗಿರಾಕಿಗಳಿಗೆ ಹೇಳುವುದು ತೀರಾ ಮೆಲ್ಲಗಿನ ದನಿಯಲ್ಲಿ. ಅವತ್ತು ನಾನು ಜಗಲಿಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ.

"ಆ ಪಾಲಿಸಿ ಬಿಡಿಸ್ಕೊಂಡುಬಿಡು. ಅರ್ಜಿ ನಾನೇ ಬರೆದುಕೊಡ್ತೀನಿ."

ಗೆಳತಿ ನನ್ನ ಎರಡೂ ಕೈ ನೋಡಿದಳು, ಹಿಂದೆ ನಿಲ್ಲಿಸಿದ್ದ ಕಾರು ನೋಡಿದಳು.

"ಇದನ್ನ ಬಿಡಿಸಿ ಇನ್ನೂ ದೊಡ್ಡದು ಹಾಕ್ತಾಳೆ, ನೋಡ್ತಿರು," ಎಂದು ಅಜ್ಜಿ ಮೂಲೆಯಿಂದ ಎಚ್ಚರಿಸಿದರು.

"ಇಲ್ಲ ಅಜ್ಜಿ, ದೇವರಾಣೆ ಇಲ್ಲ. ನನಗೇ ಕಸಿವಿಸಿ ಆಗ್ತಿದೆ." ಗೆಳತಿಯ ಕಡೆ ತಿರುಗಿದೆ. "ಅಲ್ಲ ಕಣೇ, ಬೇಡ ಅಂದ್ರೆ ಬೇಡ ಅನ್ನಬಹುದಿತ್ತಲ್ಲ. ಬಚ್ಚಿಟ್ಕೊಳ್ಳೋದು ಯಾಕೆ?"

ಅವಳು ಮೆಟ್ಟಿಲ ಮೇಲೆ ಕೂತಳು. "ನೀನು ಬಂದ್ರೆ ನನಗೆ ಖುಷಿ ಆಗುತ್ತೆ ಮಾರಾಯ್ತಿ. ಸುಳ್ಳಲ್ಲ. ಆಮೇಲೆ ನೀನು ಜಿಪ್ ಎಳೀತೀಯ. ಓ, ಇದಕ್ಕೆ ಬಂದಿದ್ದು ಅಂತ ಗೊತ್ತಾಗುತ್ತೆ. ಪ್ರತಿ ವರ್ಷ ಅಷ್ಟು ಖುಷಿಪಟ್ಟು ಆಮೇಲೆ ಪೆಚ್ಚಾಗೋದು ಯಾಕೆ ಅಂತ."

ನಾನೂ ಅವಳ ಪಕ್ಕದಲ್ಲೇ ಕೂತೆ.

"ಪಾಲಿಸಿ ಮಾತ್ರ ಬಿಡಿಸಲ್ಲ," ಎಂದಳು. "ಸಿಟ್ಟಲ್ಲಿ ಸೈನ್ ಮಾಡಿದ್ದು ನಿಜ. ಆದ್ರೆ ಕಾಗದ ಬಂದ ಮೇಲೆ ನೋಡಿದೆ. ಅಂಗಡಿ ಅವರದು, ಮನೆ ಅತ್ತೇದು, ಕಾರು ಅವರ ಹೆಸರಲ್ಲಿ, ಸ್ಕೂಟರ್ ಮಗಂದು. ಹಿಂದೆ ನೀನು ಮಾಡಿಸಿದ ಪಾಲಿಸಿಗಳೂ ಅವರ ಹೆಸರಲ್ಲೇ. ನನ್ನ ಹೆಸರಲ್ಲಿ ಆಸ್ತಿ ಅಂತ ಈ ಮನೇಲಿ ಇರೋದು ಆ ಕಾಗದ ಒಂದೇ."

"ಅದೆಲ್ಲ ಇರ್ಲಿ," ಎಂದರು ಅಜ್ಜಿ. "ಇಷ್ಟು ವರ್ಷದಿಂದ ಬರ್ತಿದೀಯ. ನೀವೂ ಒಂದು ಪಾಲಿಸಿ ಮಾಡ್ಸಿ ಅಜ್ಜಿ ಅಂತ ಒಂದಿನ ಕೇಳಿದೀಯಾ?"

"ನಿಮ್ಮ ವಯಸ್ಸಿನೋರಿಗೆ ನಮ್ಮ ಕಂಪನೀಲಿ ಕೊಡಲ್ಲ ಅಜ್ಜಿ."

"ಯಾಕೆ, ನಾನು ಸಾಯೋದೇ ಇಲ್ಲ ಅನ್ಕೊಂಡಿದಾರಾ?"

"ಅದರ ಉಲ್ಟಾ ಅಜ್ಜಿ."

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದರು. ಗೆಳತಿಯೂ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ, "ನಿನಗೆ ನನ್ನಿಂದ ಏನಾದ್ರೂ ಬೇಕಿದ್ರೆ ಕೇಳೇ," ಎಂದೆ. ಸುಮ್ಮನೆ ಬಾಯಿಮಾತಿಗೆ.

"ಕಾರ್ ಓಡಿಸೋದು ಕಲಿಸು," ಎಂದಳು ತಕ್ಷಣ. "ಕಲಿಯೋ ಲೈಸೆನ್ಸ್ ಮಾಡಿಸಿಟ್ಕೊಂಡಿದೀನಿ. ಇವರಿಗೆ ಅಂಗಡಿ ಬಿಟ್ಟು ಪುರುಸೊತ್ತಿಲ್ಲ. ಇದ್ದಾಗಲೂ ಸ್ಟೇರಿಂಗ್ ಮುಟ್ಟಿದ್ರೆ ಕಿರುಚ್ತಾರೆ."

ಹೀಗೆ ನನ್ನ ಭಾನುವಾರಗಳು ಮಾಚೇನಹಳ್ಳಿಗೆ ಸೇರಿದವು. ಶಿವಮೊಗ್ಗ ಮತ್ತು ಭದ್ರಾವತಿಯ ಮಧ್ಯೆ ಇರುವ ಕೈಗಾರಿಕಾ ಪ್ರದೇಶ ಅದು. ವಾರವಿಡೀ ಲಾರಿಗಳು, ಭಾನುವಾರ ಬಹುಪಾಲು ಬೀಗ. ಅಗಲವಾದ ಖಾಲಿ ರಸ್ತೆಗಳು. ಬೆಳಗ್ಗೆ ಓಲ್ಡ್ ಟೌನಿಗೆ ಹೋಗಿ ಅವಳನ್ನು ಕೂರಿಸಿಕೊಂಡು ಅಲ್ಲಿಗೆ ಬಂದು ಸೀಟು ಬದಲಾಯಿಸುತ್ತಿದ್ದೆವು. ಎರಡನೇ ವಾರದಿಂದ ಅಜ್ಜಿಯೂ ಹಿಂದಿನ ಸೀಟಿಗೆ ಹತ್ತಿದರು.

"ಬೇಡ ಅಜ್ಜಿ, ಇವಳಿಗೆ ಇನ್ನೂ ಬ್ರೇಕ್ ಸಿಗ್ತಿಲ್ಲ," ಎಂದೆ.

"ನಿಮ್ಮಿಬ್ಬರ ಜೀವಕ್ಕೆ ಕಂಪನೀಲಿ ಬೆಲೆ ಕಟ್ಟಿದಾರೆ, ನೀವು ಹೆದರ್ಕೊಳ್ಳಿ. ನನಗೇನು?" ಎಂದರು.

ಗೆಳತಿಗೆ ಕ್ಲಚ್ಚಿನ ಮೇಲೆ ಹಳೆಯ ಹಗೆ ಇದ್ದಂತಿತ್ತು. ಬಿಟ್ಟರೆ ಒಮ್ಮೆಗೇ ಬಿಡುವಳು. ಕಾರು ಎಮ್ಮೆಯ ಹಾಗೆ ಎಗರಿ ನಿಲ್ಲುತ್ತಿತ್ತು. ಮೂರನೇ ವಾರದ ಹೊತ್ತಿಗೆ, ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದ ಅಜ್ಜಿ ಹಿಂದಿನಿಂದ "ಕ್ಲಚ್ಚು, ಕ್ಲಚ್ಚು, ಈಗ ಗೇರು!" ಎಂದು ಸರಿಯಾದ ಹೊತ್ತಿಗೆ ಕೂಗುತ್ತಿದ್ದರು. ಒಂದು ಫ್ಯಾಕ್ಟರಿಯ ವಾಚ್‌ಮನ್ ನಮ್ಮನ್ನು ನೋಡಲೆಂದೇ ಗೇಟಿನ ಹೊರಗೆ ಕುರ್ಚಿ ಹಾಕಿಕೊಳ್ಳತೊಡಗಿದ. ರಿವರ್ಸ್ ಕಲಿಯುವ ದಿನ ಅವಳು ಅವನ ಗೇಟಿನ ಪಕ್ಕದ ಮರಳಿನ ಗುಡ್ಡೆಗೆ ಹಿಂದಿನಿಂದ ಹೋಗಿ ಏರಿದಳು. ಅವನು ಕುರ್ಚಿಯಿಂದ ಏಳಲೂ ಇಲ್ಲ. "ಮೇಡಂ, ಕಳೆದ ವಾರಕ್ಕಿಂತ ಇಂಪ್ರೂ ಆಗಿದೀರಿ. ಮರಳು ಮೆತ್ತಗಿರುತ್ತೆ," ಎಂದ. ಕಳೆದ ವಾರ ಅವಳು ಹುಡುಕಿಕೊಂಡು ಹೋಗಿ ಗುದ್ದಿದ್ದು ಅವನ ಗೇಟಿಗೆ.

ಈ ನಡುವೆ ಮದುವೆಗಳ ಕಾಲ ಬಂತು. ಬ್ಯಾಗಿಲ್ಲದ ನನ್ನನ್ನು ಕಂಡು ಜನಕ್ಕೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಗಾಬರಿ. ಭದ್ರಾವತಿಯ ಒಂದು ಛತ್ರದಲ್ಲಿ ನಮ್ಮ ಚಿಕ್ಕಮ್ಮ ನನ್ನನ್ನು ಕಂಬದ ಮರೆಗೆ ಎಳೆದು, "ಬ್ಯಾಗ್ ಎಲ್ಲೇ?" ಎಂದರು. ತಂದಿಲ್ಲ ಎಂದೆ. "ಕಾರಲ್ಲಿಟ್ಟಿದೀಯಾ?" ಇಲ್ಲ ಎಂದೆ. ಊಟದ ಹೊತ್ತಿಗೆ, ನಾನು ಆ ಕೆಲಸ ಬಿಟ್ಟು ಸೋಪಿನ ಪುಡಿಯ ಚೈನ್ ವ್ಯಾಪಾರಕ್ಕೆ ಸೇರಿದ್ದೇನೆಂದು ಸುದ್ದಿ ಹಬ್ಬಿ, ಪಂಕ್ತಿಯಲ್ಲಿ ಅಕ್ಕಪಕ್ಕ ಎರಡೆರಡು ಜಾಗ ಖಾಲಿಯಾದವು. ಕೈ ತೊಳೆಯುವಲ್ಲಿ ಯಜಮಾನರ ದೂರದ ಸಂಬಂಧಿಯೊಬ್ಬರು ಬೆನ್ನು ಹತ್ತಿ ಬಂದರು. ಹಿಂದೆಲ್ಲ ನನ್ನನ್ನು ಕಂಡರೆ ಬಾತ್‌ರೂಮ್ ಹುಡುಕುತ್ತಿದ್ದವರು.

"ಮೇಡಂ, ಎಲ್ಲರನ್ನೂ ಪಾಲಿಸಿ ಕೇಳೋರು ಇವತ್ತು ನನ್ನ ಹತ್ರ ಬಂದು ಬರೀ ಚೆನ್ನಾಗಿದೀರಾ ಅಂದು ಹೋದ್ರಲ್ಲ, ಯಾಕೆ? ನನ್ನ ಆರೋಗ್ಯದ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಅವರಿಗೆ ಬೆವರು ಬಂದಿತ್ತು. ನಾಳೆ ಹತ್ತು ಗಂಟೆಗೆ ಫೋನ್ ಮಾಡುತ್ತೇನೆಂದು ಹೇಳಿ ಕಳಿಸಿದೆ. ಮಾರನೇ ದಿನ ಅವರೇ ಒಂಬತ್ತೂವರೆಗೆ ಮಾಡಿದರು. ಪಾಲಿಸಿ ಆಯಿತು. "ನಿನ್ನ ವೈರಾಗ್ಯಕ್ಕೂ ಕಮಿಷನ್ ಬರುತ್ತಲ್ಲೇ," ಎಂದರು ಯಜಮಾನರು.

ಪ್ರತಿಸಲವೂ ಹೀಗೆ ಲಾಭವೇ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ಅಡಿಕೆ ವ್ಯಾಪಾರಿಯ ಹಿಂದೆ ನಾನು ಎರಡು ವರ್ಷದಿಂದ ಬಿದ್ದಿದ್ದೆ. ಇಡೀ ಕುಟುಂಬದ ಪಾಲಿಸಿಗಳು. ಅಂಥದ್ದೊಂದು ಸಿಕ್ಕಿದರೆ ಆರು ತಿಂಗಳು ಕಾಲು ಚಾಚಿ ಕೂರಬಹುದು. ಅವರ ಫೋನ್ ಬಂದದ್ದು ಒಂದು ಭಾನುವಾರ ಹನ್ನೊಂದು ಗಂಟೆಗೆ. ಗೆಳತಿ ಆಗ ಮಾಚೇನಹಳ್ಳಿಯ ಒಂದು ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮುಂದಕ್ಕೆ ತೆಗೆಯಲು ಕಲಿಯುತ್ತಿದ್ದಳು. ಹಿಂದೆ ಚರಂಡಿ.

"ಎತ್ಕೊಳ್ಳೇ, ದೊಡ್ಡ ಪಾರ್ಟಿ ಇರ್ಬೇಕು," ಎಂದಳು, ಹಣೆಯಲ್ಲಿ ಬೆವರು ಸುರಿಸುತ್ತ.

"ನೀನು ಕ್ಲಚ್ ನೋಡು," ಎಂದೆ.

ಇದರಲ್ಲಿ ತ್ಯಾಗವೇನೂ ಇರಲಿಲ್ಲ. ನನ್ನ ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ, ಇನ್ನೊಂದು ಅವಳ ಸ್ಟೇರಿಂಗಿನ ಮೇಲೆ ಇತ್ತು. ಮೂರನೇ ಕೈ ಇದ್ದಿದ್ದರೆ ಘೋಷಣೆ ಮರೆತು ಖಂಡಿತ ಎತ್ತುತ್ತಿದ್ದೆ. ಫೋನ್ ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ಕಾರು ಏರು ಹತ್ತಿತು. ಅಜ್ಜಿ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಕೆಳಗಿಳಿದು ಕರೆ ಮಾಡಿದರೆ ಆ ವ್ಯಾಪಾರಿ ಹೇಳಿದರು, "ನೀವು ಎತ್ಲಿಲ್ಲ ಮೇಡಂ, ಇನ್ನೊಬ್ಬ ಏಜೆಂಟು ಇಲ್ಲೇ ಬಂದು ಕೂತಿದ್ರು. ಅವರ ಹತ್ರಾನೇ ಮುಗಿಸಿಬಿಟ್ವಿ."

ಮೂರು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ದುಡ್ಡು ಕೈತಪ್ಪಿದರೆ ನೋವಾಗುವುದಿಲ್ಲ ಎಂದು ಪುಸ್ತಕದಲ್ಲಿ ಬರೆಯುವವರ ವಿಳಾಸ ಸಿಕ್ಕಿದ್ದರೆ ಹೋಗಿ ಜಗಳವಾಡುತ್ತಿದ್ದೆ. ನಾಲ್ಕನೇ ದಿನ ಗೆಳತಿ ಫೋನ್ ಮಾಡಿ, ವಿಷಯವೇನೂ ಇಲ್ಲದೆ, ಮುಕ್ಕಾಲು ಗಂಟೆ ಮಾತಾಡಿದಳು. ಹಾಗೆ ನನಗೆ ಯಾರಾದರೂ ಫೋನ್ ಮಾಡಿ ಎಷ್ಟು ಕಾಲವಾಗಿತ್ತೋ. ಫೋನ್ ಇಟ್ಟ ಮೇಲೆ ಅವಳ ನಂಬರಿಗೆ ಅವಳದೇ ಹೆಸರು ಹಾಕಿದೆ. ಚಿಕ್ಕಮ್ಮನ ಆಗಸ್ಟನ್ನೂ ತೆಗೆದೆ.

ಆ ವರ್ಷದ ಕೊನೆಗೆ ಬ್ರಾಂಚಿನಲ್ಲಿ ನಾನು ನಾಲ್ಕನೆಯವಳಾದೆ. ಮೇಲಿನ ಸಾಲಿನಲ್ಲಿ ನನ್ನ ಜಾಗಕ್ಕೆ ಬಂದದ್ದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದವಳ ಫೋಟೋ. ನನ್ನದನ್ನು ಕೆಳಸಾಲಿಗೆ, ಕುಡಿಯುವ ನೀರಿನ ಫಿಲ್ಟರಿನ ಪಕ್ಕಕ್ಕೆ ಸರಿಸಿದರು. ಯಜಮಾನರು ಪ್ರೀಮಿಯಂ ಕಟ್ಟಲು ಬಂದಾಗ ನೋಡಿ, "ಇದೇ ಒಳ್ಳೆ ಜಾಗ. ಬಾಯಾರಿದೋರೆಲ್ಲ ನಿನ್ನ ಮುಖ ನೋಡ್ತಾರೆ," ಎಂದರು. ಮೊದಮೊದಲು ನಾನು ಆ ಗೋಡೆಯ ಕಡೆ ನೋಡದೆ ಓಡಾಡುತ್ತಿದ್ದೆ. ಈಗ ಅಭ್ಯಾಸವಾಗಿದೆ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ನನ್ನಷ್ಟು ಹಟದ ಏಜೆಂಟು ಈಗಲೂ ಆ ಬ್ರಾಂಚಿನಲ್ಲಿಲ್ಲ.

ಗೆಳತಿ ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು. ಇನ್‌ಸ್ಪೆಕ್ಟರ್ ಎಡಕ್ಕೆ ಎಂದರೆ ಬಲಕ್ಕೆ ಹೋಗಿ, "ಅವರೇ ಸರಿಯಾಗಿ ಹೇಳ್ಲಿಲ್ಲ," ಎಂದು ವಾದ ಮಾಡಿದಳಂತೆ. ಎರಡನೇ ಸಲ ಪಾಸಾದಳು. ಅವಳ ಗಂಡ ಮಾರ್ಕೆಟ್ಟಿನ ಅಂಗಡಿಯವರಿಗೆಲ್ಲ ಪೇಡಾ ಹಂಚಿ, ಕಾರಿನ ಬೀಗದಕೈ ಮಾತ್ರ ಇನ್ನೊಂದು ವಾರ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಅದನ್ನು ಹೊರಗೆ ತೆಗೆಸಿದವರು ಅಜ್ಜಿ. ಹೇಗೆಂದು ಕೇಳಿದರೆ ಹೇಳುವುದಿಲ್ಲ.

ಕಳೆದ ಭಾನುವಾರ ಅವಳು ಭದ್ರಾವತಿಯಿಂದ ತಾನೇ ಓಡಿಸಿಕೊಂಡು ಮೊದಲ ಸಲ ಹೊಸಮನೆಗೆ ಬಂದಳು. ಮುಂದಿನ ಸೀಟಿನಲ್ಲಿ ಅಜ್ಜಿ, ಬೆಲ್ಟು ಹಾಕಿಕೊಂಡು, ಹೊಸ ಸೀರೆಯಲ್ಲಿ. ನಮ್ಮ ಬೀದಿ ಕಿರಿದು. ಕಾರು ನಿಲ್ಲಿಸಿದ್ದು ಎದುರುಮನೆಯವರ ಗೇಟಿಗೆ ಸರಿಯಾಗಿ ಅಡ್ಡ. ಅವರು ರಿಟೈರಾದವರು, ಇಂಥ ಸಂದರ್ಭಕ್ಕೇ ಕಾದಿರುವವರು. ಹೊರಗೆ ಬಂದು, "ಯಾರ್ರೀ ಇದು? ತೆಗೀರಿ ಗಾಡಿ!" ಎಂದರು.

ನಾನು ಕೀ ಕೊಡು ಎಂದು ಕೈ ಚಾಚಿದೆ.

"ನೀನು ಸುಮ್ನೆ ನಿಂತ್ಕೊ. ನಾನೇ ತೆಗೀತೀನಿ," ಎಂದಳು ಗೆಳತಿ.

ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು, ಮತ್ತೆ ಹಿಂದಕ್ಕೆ ಹೋದಳು. ಸಿಟ್ಟಿನಿಂದ ಬಂದ ಎದುರುಮನೆಯವರು ಎರಡು ನಿಮಿಷಕ್ಕೆ ಪಂಚೆ ಎತ್ತಿ ಕಟ್ಟಿ, "ಬನ್ನಿ ಬನ್ನಿ, ಎಡಕ್ಕೆ ತಗೊಳ್ಳಿ, ಇನ್ನೂ ಜಾಗ ಇದೆ," ಎಂದು ಕೈಸನ್ನೆ ಮಾಡತೊಡಗಿದ್ದರು. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಅವರಿಗೆ ಪಕ್ಕಕ್ಕೆ ಸರಿದು ನಿಲ್ಲುವಂತೆ ಹೇಳಿದರು.